ಹುಲ್ಲಿನ ಮೇಲೊಬ್ಬರು, ಕೆಳಗೊಬ್ಬರು

ತಾಳ್ಯದ ಹತ್ತಿರ ನಮ್ಮ ಹೊಲದಲ್ಲೊಂದು ಹುಲ್ಲಿನ ಮನೆ ಇದೆ. ಮುತ್ತಜ್ಜ ಕಟ್ಟಿದ್ದು. ಮೊಳದಗಲದ ಮಣ್ಣಿನ ಗೋಡೆ, ನಡುವೆ ಎರಡು ಕವೆಗಂಬ, ಅವುಗಳ ಮೇಲೊಂದು ಬೇವಿನ ತೊಲೆ. ತೊಲೆಯಿಂದ ಗೋಡೆಗೆ ಇಳಿಬಿಟ್ಟ ಬಿದಿರಿನ ಗಳಗಳು, ಅವುಗಳ ಮೇಲೆ ಬಾದೆ ಹುಲ್ಲು. ಸೂರು ಎಷ್ಟು ಕೆಳಗೆ ಎಂದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಬಗ್ಗಿಸದವರಿಗೆ ಬಾಗಿಲೇ ಹಣೆ ಕುಟ್ಟಿ ಬುದ್ಧಿ ಹೇಳುತ್ತದೆ. ನನಗಂತೂ ಬೇಕಾದಷ್ಟು ಸಲ ಹೇಳಿದೆ, ನಾನು ಕಲಿತಿಲ್ಲ.

ನಾವಿರುವುದು ಊರೊಳಗಿನ ಮನೆಯಲ್ಲಿ. ಹೊಲದ ಮನೆಯಲ್ಲಿ ಗುದ್ದಲಿ, ಬೀಜ, ಮಧ್ಯಾಹ್ನದ ಬುತ್ತಿ, ಆಮೇಲೆ ಒಂದು ಒಳ್ಳೆಯ ನಿದ್ದೆ. ಹೊರಗೆ ಬಿಸಿಲು ಕಾದ ಹೆಂಚಿನಂತಿದ್ದರೂ ಒಳಗೆ ತಂಪು.

ಹುಲ್ಲು ಹೊದಿಸಲು ಇಬ್ಬರು ಬೇಕು. ಮೇಲೆ ಕೂತವರು ಕತ್ತಾಳೆ ನಾರಿನ ಹುರಿ ಪೋಣಿಸಿದ ಉದ್ದನೆಯ ಬಿದಿರಿನ ಸೂಜಿಯನ್ನು ಹುಲ್ಲಿನೊಳಗೆ ಚುಚ್ಚುತ್ತಾರೆ. ಕೆಳಗೆ ನಿಂತವರು ಅದನ್ನು ಹಿಡಿದು, ಗಳಕ್ಕೆ ಸುತ್ತಿಸಿ ಮತ್ತೆ ಮೇಲಕ್ಕೆ ಚುಚ್ಚುತ್ತಾರೆ, ಮೇಲಿನವರು ಹುರಿ ಎಳೆದು ಬಿಗಿ ಮಾಡುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕೂಗಿಕೊಂಡೇ ಕೆಲಸ ಸಾಗಬೇಕು. ನನ್ನ ಬಾಲ್ಯದಲ್ಲಿ ಅಪ್ಪ ಮೇಲೆ, ಅವ್ವ ಕೆಳಗೆ.

ಆಗ ಅಜ್ಜಿ ಗಟ್ಟಿಮುಟ್ಟಾಗಿದ್ದಳು. ಅವಳ ಎದುರು ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಮಾತಾಡುವುದು ನಮ್ಮ ಮನೆಯಲ್ಲಿ ಮರ್ಯಾದೆಯಲ್ಲ. ಹುಲ್ಲು ಹೊದಿಸುವ ದಿನ ಮಾತ್ರ ಅವಳು ಬೇವಿನ ನೆರಳಲ್ಲಿ ಕೂತು ಕೇಳಿಸಿಕೊಂಡರೂ ಏನೂ ಅನ್ನುವಂತಿರಲಿಲ್ಲ. ಕೆಲಸದ ಮಾತಲ್ಲವೇ!

"ಬಂತಾ?" ಎಂದು ಅಪ್ಪ.

"ಬಂತು. ಮಗೀಗೆ ಹೊಳಲ್ಕೆರೆ ಹೈಸ್ಕೂಲು ಸೇರಿಸ್ರಿ. ಎಳೀರಿ," ಎಂದು ಅವ್ವ.

ಅಪ್ಪ ಹುರಿ ಎಳೆದ. ನಾನು ಹೈಸ್ಕೂಲು ಸೇರಿದೆ. ನಮ್ಮ ಮನೆಯ ಎಷ್ಟೋ ನಿರ್ಧಾರಗಳು ಆ ಹುಲ್ಲಿನ ಮೂಲಕವೇ ಹಾದು ಬಂದಿವೆ.

ಆಮೇಲೆ ನನ್ನನ್ನು ಹಿರಿಯೂರಿಗೆ ಕೊಟ್ಟರು. ಹೋದ ವರ್ಷ ಒಂದು ಸೂಟ್‌ಕೇಸ್ ಹಿಡಿದು ವಾಪಸ್ ಬಂದೆ. ಇನ್ನು ಗಂಡನ ಮನೆಗೆ ಹೋಗುವುದಿಲ್ಲ ಎಂದೆ. ಅಪ್ಪ "ಊಟ ಮಾಡವ್ವ" ಎಂದ. ಅವ್ವ ರೊಟ್ಟಿ ಬಡಿಸಿದಳು, ಹಾಸಿಗೆ ಹಾಸಿದಳು, ಆ ವಿಷಯ ಮಾತ್ರ ಎತ್ತಲಿಲ್ಲ. ತಿಂಗಳುಗಟ್ಟಲೆ ಎತ್ತಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಓಣಿಯವರು ಅಂದರೆ ನನಗೆ ಅಷ್ಟೇನೂ ನಾಟುತ್ತಿರಲಿಲ್ಲ. ಅವ್ವನ ಮನಸ್ಸಿನಲ್ಲೂ ಅದೇ ಇದೆಯೇನೋ ಎಂಬುದು ನಾಟುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಾನೂ ಬಾಯಿ ಬಿಡಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಗುಮ್ಮಗಳಂತೆ ಕೂತಿರುತ್ತಿದ್ದೆವು.

ಈ ಬೇಸಿಗೆಯಲ್ಲಿ ಹೊಲದ ಮನೆಯ ಹುಲ್ಲು ಪೂರ್ತಿ ಜೀರ್ಣವಾಗಿತ್ತು. ಅಪ್ಪನ ಮೊಣಕಾಲು ಏಣಿ ಹತ್ತುವ ಸ್ಥಿತಿಯಲ್ಲಿಲ್ಲ. ಅಣ್ಣ ಚಿಕ್ಕಜಾಜೂರಿಗೆ ಹೋಗಿ ತಗಡಿನ ಶೀಟು ನೋಡಿಕೊಂಡು ಬಂದ.

"ಹುಲ್ಲೇ ಇರ್ಲಿ," ಎಂದಳು ಅವ್ವ.

"ಯಾರು ಹತ್ತೋರು? ನನ್ ಕೈಲಂತೂ ಆಗಾದಿಲ್ಲ," ಎಂದ ಅಣ್ಣ.

ಅವ್ವ ನನ್ನ ಕಡೆ ಗದ್ದ ತೋರಿಸಿದಳು. "ಅವ್ಳು ಹತ್ತುತಾಳೆ."

ನನ್ನನ್ನು ಕೇಳಲೂ ಇಲ್ಲ! ಅಣ್ಣನ ಹಳೇ ಪ್ಯಾಂಟು ಹಾಕಿಕೊಂಡು, ಬೈದುಕೊಳ್ಳುತ್ತಲೇ ಹತ್ತಿದೆ. ಸೂರಿನಿಂದ ಶುರುಮಾಡಿ ಒಂದರ ಮೇಲೊಂದು ಸಾಲು ಹೊದಿಸುತ್ತ ನೆತ್ತಿಗೆ ಬರಬೇಕು. ಮೊದಲ ಸಾಲಿನಲ್ಲೇ ಎಡವಟ್ಟಾಯಿತು.

"ಗಳ ಬಿಟ್ಟು ಹುಲ್ಲಿಗೆ ಹುಲ್ಲೇ ಹೊಲೀತಿದೀಯಲ್ಲೇ. ಗಾಳಿ ಬಂದ್ರೆ ಚಿಕ್ಕಜಾಜೂರು ಸ್ಟೇಷನ್ನಿಗೇ ಹೋಗಿ ಬೀಳ್ತೈತೆ," ಎಂದಳು ಅವ್ವ ಕೆಳಗಿನಿಂದ. ಬಿಚ್ಚಿ ಮತ್ತೆ ಚುಚ್ಚಿದೆ.

ಮೂರನೇ ಸಾಲಿಗೆ ಕೈ ಪಳಗಿತು.

"ಬಂತಾ?"

"ಬಂತು. ಅವ್ನು ಕೈ ಮಾಡ್ತಿದ್ನಾ?"

"ಹೂಂ," ಎಂದೆ.

ಸೂಜಿ ಮೇಲೆ ಬರಲಿಲ್ಲ. ಕೆಳಗೆ ಅವಳು ಹುರಿಯನ್ನು ಹಾಗೇ ಬಿಗಿಯಾಗಿ ಹಿಡಿದು ನಿಂತಿದ್ದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಲ್ಲಿನೊಳಗಿಂದ ಸೂಜಿಯ ಮೊನೆ ಕಾಣಿಸಿತು.

"ಮದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಮುಖ ನೋಡ್ಕಂಡು ಕೇಳಾಕೆ ನಂಗೆ ಬರಾದಿಲ್ಲ ಕಣೇ. ಎಳಿ."

ಎಳೆದೆ. ಅಳು ಬಂತು, ಅತ್ತೆ. ಅಪ್ಪ ಬೇವಿನ ಕೆಳಗೆ, ಅಜ್ಜಿ ಕೂರುತ್ತಿದ್ದ ಜಾಗದಲ್ಲೇ ಕೂತು, ಏನೂ ಕೇಳಿಸದವನಂತೆ ಹುರಿ ಹೊಸೆಯುತ್ತಿದ್ದ.

ನೆತ್ತಿಯ ಹತ್ತಿರ ಬಂದಾಗ ಸಂಜೆ ಬಿಸಿಲು. ಇನ್ನೊಂದೇ ಸಾಲು ಬಾಕಿ. ಅದು ಮುಗಿದರೆ ಮತ್ತೆ ಎದುರುಬದುರಾಗಬೇಕು. ಗಟ್ಟಿ ಮನಸ್ಸು ಮಾಡಿ ಕೇಳಿದೆ:

"ಅವ್ವಾ, ನಾನು ಇಲ್ಲೇ ಇರ್ಲಾ?"

"ಈ ಹುಲ್ಲು ಬಾಳ ಅಂದ್ರೆ ಮೂರು ಮಳೆಗಾಲ ತಡೀತೈತೆ," ಎಂದಳು ಅವ್ವ. "ಆಮೇಲೆ ಯಾರು ಹತ್ತಬೇಕು, ನಿಮ್ಮಪ್ಪನಾ? ನೀನೇ ಹತ್ತಬೇಕು. ಸೂಜಿ ಕೊಡು."

ಕೊಟ್ಟೆ.