ಚೊಂಯ್ ಹೇಳವು

ಆಯಿ ಯಾವ ಅಡುಗೆಗೂ ಅಳತೆ ಹೇಳಿದವಳಲ್ಲ, ಶಬ್ದ ಹೇಳುತ್ತಿದ್ದಳು. ಮದುವೆಯಾಗಿ ಯಲ್ಲಾಪುರಕ್ಕೆ ಬಂದ ವರ್ಷ ನಾನೊಬ್ಬಳೇ ತೊಡೆದೇವು ಎಂಬ ತೆಳು ಸಿಹಿ ಹಾಳೆ ಮಾಡಲು ಕುಳಿತೆ. ಒಲೆಯ ಮೇಲೆ ಕಾದ ಬೋರಲು ಮಡಕೆಗೆ ಕಬ್ಬಿನಹಾಲಿನ ಹಿಟ್ಟು ಸವರಿದರೆ ಹಾಳೆ ಏಳಬೇಕು. ನನ್ನದು ಹರಿದು ಚೂರಾಯಿತು. ಜಗುಲಿಗೆ ಓಡಿ ಸಿದ್ದಾಪುರದ ತವರಿಗೆ, ಅಮ್ಮನಿಗೆ, ಫೋನು ಮಾಡಿದೆ.

“ಸವರಿದ್ರೆ ಎಂತ ಹೇಳ್ತು?” ಆಯಿ ಕೇಳಿದಳು.

“ಚುರ್ರ್ ಹೇಳ್ತು.”

“ಕಾವು ಹೆಚ್ಚಾತು ಕೂಸೇ. ಚೊಂಯ್ ಹೇಳವು.”

ಚೊಂಯ್ ಅನ್ನಬೇಕಂತೆ. ಫೋನು ಇಡದಂತೆ ಆಯಿಗೆ ಹೇಳಿ, ಒಳಗೆ ಹೋಗಿ ಒಲೆಯ ಕೊಳ್ಳಿ ಹಿಂದಕ್ಕೆಳೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸವರಿದೆ. ಹಾಳೆ ಮೆಲ್ಲಗೆ ಅಂಚು ಬಿಟ್ಟಿತು. ಸುದ್ದಿ ಹೇಳಲು ಏಳುವಷ್ಟರಲ್ಲಿ, ಅಷ್ಟು ಹೊತ್ತೂ ಜಗುಲಿಯಲ್ಲಿ ಪೇಪರಿನಿಂದ ತಲೆಯೆತ್ತದೆ ಕುಳಿತಿದ್ದ ಮಾವ ಫೋನಿನಲ್ಲಿ ಕೂಗುತ್ತಿದ್ದರು:

“ಚೊಂಯ್ ಹೇಳ್ಚು! ಇಲ್ಲಿವರೆಗೂ ಕೇಳ್ಚು!”