ಗೋವಿಂದರಾಜು ತನ್ನನ್ನೇ ರಿಪೇರಿಗೆ ಬಿಚ್ಚಿದ್ದು

ಗೋವಿಂದರಾಜುಗೆ ಒಂದು ಕಡೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಸಿ.ಎಸ್. ಪುರದ ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರು. ಅವನ ಕಾಲು ಕೆಳಗೆ ಕುಣಿಯುತ್ತಿದ್ದರೆ ಮೇಲೆ ನನ್ನ ಅಕ್ಷರ ಕೆಡುತ್ತಿತ್ತು. ನಾನು ಗುಬ್ಬಿಯಲ್ಲಿ ಮೇಷ್ಟರಾದೆ. ಅವನು ತುಮಕೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ. ರೈತರು ಹೊತ್ತು ತಂದ ಸುಟ್ಟ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿಯನ್ನೆಲ್ಲ ಕಿತ್ತುಹಾಕಿ, ಹೊಸ ತಾಮ್ರದ ತಂತಿಯನ್ನು ಸುತ್ತಿ ಕೂರಿಸುವ ಕೆಲಸ. ಅದನ್ನು ಮಾಡುವಾಗ ಮಾತ್ರ ಅವನು ಅಲುಗಾಡುತ್ತಿರಲಿಲ್ಲ. ಅವನು ಹೋದ ಮೇಲೆ ನನ್ನ ಕಣ್ಣಿಗೆ ಕಟ್ಟುವುದು ಮುಖವಲ್ಲ, ಆ ಕೈಗಳು.

ಐವತ್ತು ದಾಟುವ ಹೊತ್ತಿಗೆ ಅವನ ಎರಡೂ ಕಿಡ್ನಿ ಕೆಟ್ಟವು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಮದುವೆಯಾಗಿ ಹೋಗಿದ್ದ ಅಕ್ಕ ಗಿರಿಯಮ್ಮ ತನ್ನದೊಂದನ್ನು ಕೊಡುತ್ತೇನೆಂದಳು. ಭಾವ ವೆಂಕಟರಂಗಯ್ಯನವರಿಗೆ ಇಷ್ಟವಿರಲಿಲ್ಲ.

"ಅವ್ನಿಗೆ ಒಗ್ಗದೆ ಹೋದ್ರೆ ನಿಂದೂ ದಂಡ, ಅವ್ನೂ ಉಳಿಯಾಕಿಲ್ಲ" ಎಂದರು.

"ಒಗ್ಗದೆ ಏನು? ಒಂದೇ ಹೊಟ್ಟೇಲಿ ಹುಟ್ಟಿದೋರು" ಎಂದು ಅಕ್ಕ ಬೆಂಗಳೂರಿನ ಆಸ್ಪತ್ರೆಗೆ ಹೊರಟೇಬಿಟ್ಟಳು.

ಒಗ್ಗಿತು. ವರ್ಷದೊಳಗೆ ಗೋವಿಂದರಾಜು ಮತ್ತೆ ಅಂಗಡಿಯಲ್ಲಿ ಕೂತ. ಕೊತ್ತಗೆರೆಯಲ್ಲಿ ಅಕ್ಕ ಗಂಡನೆದುರು ಒಂದು ಮಾತೂ ಆಡದೆ ಗೆದ್ದಳು.

ಎರಡನೆಯ ವರ್ಷ, ಚಳಿ ಶುರುವಾದಾಗ, ಅವನಿಂದ ಫೋನ್ ಬಂತು. "ಮೇಷ್ಟ್ರೇ, ಕೈ ನನ್ ಮಾತು ಕೇಳ್ತಿಲ್ಲ ಕಣೋ."

ಹೋಗಿ ನೋಡಿದೆ. ಬೆರಳ ನಡುವೆ ತಂತಿಯ ತುದಿ ನಡುಗುತ್ತಿತ್ತು. ತಲೆನೋವು, ನಿದ್ದೆಯಿಲ್ಲ. ಹೊಸ ಕಿಡ್ನಿಯನ್ನು ದೇಹ ಹೊರಗಿನದೆಂದು ಹೊಡೆದುಹಾಕದಂತೆ ತಡೆಯಲು ಅವನು ಒಂದು ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕಿತ್ತು. ಆ ಔಷಧ ರಕ್ತದಲ್ಲಿ ಕಡಿಮೆಯಾದರೂ ಕಿಡ್ನಿಗೆ ಕುತ್ತು, ಹೆಚ್ಚಾದರೂ ಕುತ್ತು. ಪರೀಕ್ಷೆ ಮಾಡಿಸಿದರೆ ವಿಪರೀತ ಹೆಚ್ಚಿತ್ತು. ಕಿಡ್ನಿ ಸೊರಗುತ್ತಿರುವ ಲಕ್ಷಣವೂ ಇತ್ತು. ಡಾಕ್ಟರು ಮಾತ್ರೆ ಇಳಿಸಿದರು. ಆದರೂ ಮುಂದಿನ ಸಲ ರಕ್ತದಲ್ಲಿ ಔಷಧ ಇಳಿಯಬೇಕಾದಷ್ಟು ಇಳಿದಿರಲಿಲ್ಲ.

"ಮಾತ್ರೆ ಯಾರಮ್ಮ ಕೊಡೋದು?" ಎಂದು ಡಾಕ್ಟರು ಅವನ ಹೆಂಡತಿ ಶಶಿಕಲಾಳನ್ನು ಕೇಳಿದರು.

"ನಾನೇ ಸಾರ್."

"ಮರೆತು ಎರಡೆರಡು ಸಲ ಕೊಡ್ತಿದೀರೇನೋ ನೋಡಿ."

ತುಮಕೂರಿನ ಮನೆಯೊಳಗೆ ಕಾಲಿಟ್ಟ ಮೇಲೆ, ಅಲ್ಲಿ ಕಾದಿದ್ದ ನನ್ನೆದುರೇ ಅವಳು ಸಿಡಿದಳು: "ಇವ್ರ ಸಾರಿಗೆ ಉಪ್ಪು ಚಿಟಿಕೆ ಚಿಟಿಕೆ ನೋಡ್ಕೊಂಡ್ ಹಾಕ್ತೀನಿ. ಒಂದು ಮಾತ್ರೆ ಕೊಡಕ್ಕೆ ಬರಲ್ವಾ ನಂಗೆ?"

ಗೋವಿಂದರಾಜು ನನ್ನನ್ನು ಹೊರಗೆ ಕರೆದುಕೊಂಡು ಬಂದ. "ಅಕ್ಕಂಗೆ ಮಾತ್ರ ಹೇಳ್ಬೇಡ. ಕೊಟ್ಟಿದ್ದು ದಂಡ ಆಯ್ತು ಅಂತ ಕೂತಲ್ಲಿ ನಿಂತಲ್ಲಿ ಅವ್ಳನ್ನ ಆಡ್ಕೋತಾರೆ. ಭಾವ ಅಂತೂ ಬಿಡಲ್ಲ."

"ಮತ್ತೇನ್ ಮಾಡ್ತೀಯ?"

"ಮೋಟಾರ್ ಆನ್ ಮಾಡಿದ್ ತಕ್ಷಣ ಫ್ಯೂಸ್ ಹೋದ್ರೆ ಏನ್ ಮಾಡ್ತೀನಿ ನಾನು? ಲೈನಲ್ಲಿರೋದನ್ನೆಲ್ಲ ಒಂದೊಂದೇ ತೆಗೀತೀನಿ. ಯಾವ್ದು ತೆಗೆದಾಗ ಫ್ಯೂಸ್ ನಿಲ್ಲುತ್ತೋ, ಅದೇ ಕಳ್ಳ."

ಹಾಗೆ ತನ್ನನ್ನೇ ಬಿಚ್ಚತೊಡಗಿದ. ಮೊದಲು ಕಾಫಿ ಬಿಟ್ಟ. ಆಮೇಲೆ ತಂತಿಗೆ ಬಳಿಯುವ ವಾರ್ನಿಷ್ ವಾಸನೆಯೇ ಕಾರಣವಿರಬೇಕೆಂದು ಆ ಕೆಲಸವನ್ನು ಬೇರೆ ಅಂಗಡಿಗೆ ಕೊಟ್ಟ. ಹುರುಳಿಸಾರು ಬಿಟ್ಟ. ಮುದ್ದೆಯನ್ನೂ ಬಿಟ್ಟಾಗ ಶಶಿಕಲಾ, "ಇನ್ನು ಉಳಿದಿರೋದು ನಾನೊಬ್ಳೇ, ನನ್ನೂ ಬಿಟ್ ನೋಡಿ" ಎಂದಳು. ಮೂರು ದಿನಕ್ಕೊಮ್ಮೆ ಗುಬ್ಬಿ ಬಸ್ಸು ಹತ್ತಿ ನಮ್ಮನೆಗೆ ಬರುತ್ತಿದ್ದ. ಕೈ ಚಾಚಿ ಅದರ ಮೇಲೆ ನನ್ನ ಪೇಪರಿನ ಹಾಳೆ ಹರಡಿಕೊಂಡು, ಅದರ ಅಂಚನ್ನೇ ದಿಟ್ಟಿಸುತ್ತಿದ್ದ. "ಇವತ್ತು ಕಮ್ಮಿ ಅಲ್ವೇನ್ಲಾ?" ಹಾಳೆ ಪಟಪಟ ಎನ್ನುತ್ತಿತ್ತು. ಟೀ ಬರುವ ಮುಂಚೆಯೇ ಎದ್ದು ಹೊರಟುಬಿಡುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ನಡುಕ ತಾನಾಗಿ ಇಳಿಯಿತು. ರಕ್ತದಲ್ಲಿ ಔಷಧ ಈ ಸಲ ತೀರಾ ಕಡಿಮೆ ಬಂತು. ಡಾಕ್ಟರು ಗೊಂದಲಕ್ಕೆ ಬಿದ್ದು ಮಾತ್ರೆ ಏರಿಸಿದರು. ಮುದ್ದೆಯೇ ಕಳ್ಳ ಎಂದು ಅವನು ತೀರ್ಪು ಕೊಟ್ಟ. ಆದರೆ ಶಿವರಾತ್ರಿ ಹೊತ್ತಿಗೆ, ಮುದ್ದೆ ಮುಟ್ಟದೆಯೂ, ಕೈ ಮೊದಲಿಗಿಂತ ಜೋರಾಗಿ ನಡುಗಿತು.

ಆ ವಾರ ನಾನು ಹೇಳದೆ ಅಂಗಡಿಗೆ ಹೋದೆ. ಮೋಟಾರುಗಳ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಏನೋ ತಿನ್ನುತ್ತಿದ್ದ. ಪೇಪರಿನ ಮೇಲೆ ಚಕ್ಕೋತದ ತೊಳೆಗಳು, ಪಕ್ಕದಲ್ಲಿ ಉಪ್ಪುಖಾರದ ಪುಡಿ.

"ಇದೇನ್ಲಾ?"

"ಮೆಲ್ಲಗೆ ಮಾತಾಡೋ. ಊಟ ತಗೊಂಡು ಶಶಿ ಬರೋ ಹೊತ್ತು. ಡಾಕ್ಟ್ರು ಉಪ್ಪು ಮುಟ್ಬೇಡ ಅಂದವ್ರೆ."

"ಎಲ್ಲಿಂದ ತಂದೆ?"

"ಅಕ್ಕನ ಹಿತ್ತಲಿಂದು. ವಾರ ವಾರ ಯಾರ ಕೈಲಾದ್ರೂ ಕಳಿಸ್ತಾಳೆ. ಸಂಕ್ರಾಂತಿ ಆದ್ಮೇಲೆ ಮಗಳ ಮನೇಲಿದ್ಲಲ್ಲ, ಆಗ ಬಂದಿರ್ಲಿಲ್ಲ, ಬಾಯೆಲ್ಲ ಕೆಟ್ಟೋಗಿ..."

ಕೈಯಲ್ಲಿದ್ದ ತೊಳೆಯನ್ನೇ ನೋಡಿದ. ನಾನೂ ನೋಡಿದೆ.

"ಇದನ್ನ ತೆಗೆದೇ ಇಲ್ವಲ್ಲೋ ಲೈನಿಂದ" ಎಂದ. ತೊಳೆಯನ್ನು ಕೆಳಗಿಡದೆಯೇ, "ಇನ್ನೆರಡು ದಿನ ತಿಂದು ನೋಡಿದ್ರೆ ಗ್ಯಾರಂಟಿ ಆಗುತ್ತೆ" ಎಂದ.

ಹಣ್ಣನ್ನು ಪೇಪರಿನ ಸಮೇತ ಎತ್ತಿ ಚರಂಡಿಗೆ ಎಸೆದು ಡಾಕ್ಟರಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. ಚಕ್ಕೋತ ಎಂದ ಕೂಡಲೇ ಆ ಕಡೆಯಿಂದ ಕೂಗಾಟ ನನಗೂ ಕೇಳಿಸಿತು.

"ಅದು ತಿಂದ್ರೆ ಔಷಧ ಒಳಗೆ ಖರ್ಚಾಗಲ್ಲ ರೀ, ರಕ್ತದಲ್ಲೇ ಉಳ್ಕೊಳ್ಳುತ್ತೆ! ಊಟ ಏನ್ ಮಾಡ್ತೀರ ಅಂತ ಪ್ರತಿ ಸಲ ಕೇಳಿದೀನಲ್ಲ?"

"ಊಟ ಕೇಳಿದ್ರಿ ಸಾರ್. ಇದು ಅಂಗಡೀಲಿ ತಿಂದಿದ್ದು."

ಆ ಹಣ್ಣು ನಿಂತಿತು, ಮಾತ್ರೆ ಒಂದು ಅಳತೆಗೆ ಬಂತು, ನಡುಕ ಹೋಯಿತು. ಕಿಡ್ನಿ ಸ್ವಲ್ಪ ನೊಂದಿದೆ, ಆದರೆ ನಡೆಯುತ್ತದೆ ಎಂದರು ಡಾಕ್ಟರು. ಅಷ್ಟರಲ್ಲಿ ಅಕ್ಕ ಚಕ್ಕೋತದ ಚೀಲ ಹೊತ್ತು ತಾನೇ ಬಂದಳು. ಗೋವಿಂದರಾಜು ನಗುತ್ತಲೇ ಹೇಳಿದ:

"ಅಕ್ಕ, ನಿನ್ ಕಿಡ್ನಿ ಬಂಗಾರ. ನಿನ್ ಹಣ್ಣು ಮಾತ್ರ ನಂಗಾಗಲ್ಲ."

ಕಾರಣ ಕೇಳಿ ಅಕ್ಕ ನಗಲಿಲ್ಲ. ಅವಳ ಕೈ ಸೀರೆಯ ಮೇಲಿಂದಲೇ ಆಪರೇಷನ್ ಆದ ಪಕ್ಕೆಯನ್ನು ಹುಡುಕಿತು. "ಕೊಟ್ಟೋಳೂ ನಾನೇ, ಕೆಡಿಸ್ದೋಳೂ ನಾನೇನಾ?"

"ಕೆಟ್ಟಿಲ್ಲ ಅಂದ್ನಲ್ಲ!"

"ಈಗ ಕೆಟ್ಟಿಲ್ಲ" ಎಂದಳು. ಊರಿಗೆ ಹೋದವಳು ಹಿತ್ತಲಿನ ಚಕ್ಕೋತದ ಮರ ಕಡಿಸಿಬಿಟ್ಟಳು.

ಅದಾಗಿ ಎರಡು ವರ್ಷ ಅವನು ಚೆನ್ನಾಗಿದ್ದ. ಚೆನ್ನಾಗಿದ್ದಾನೆಂದು ನಾವು ನಂಬಲಿಲ್ಲ ಅಷ್ಟೇ. ಒಂದು ಸೀನು ಬಂದರೂ ಶಶಿಕಲಾ ಫೋನ್ ಮಾಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಕೆಮ್ಮು ಹತ್ತಿ ಶ್ವಾಸಕೋಶಕ್ಕೆ ಸೋಂಕಾಯಿತು. ಕಿಡ್ನಿ ಕಾಯಲು ನುಂಗುವ ಮಾತ್ರೆಯೇ ರೋಗದೆದುರು ಮೈಯನ್ನು ದುರ್ಬಲ ಮಾಡಿಟ್ಟಿತ್ತು. ಐಸಿಯುನಲ್ಲಿ ಉಸಿರಿಗೆ ಮೆಷಿನ್ ಇಟ್ಟರು. ಮಂಚದ ಪಕ್ಕದ ಮೂತ್ರದ ಚೀಲ ಕೊನೆಯ ದಿನವೂ ತುಂಬುತ್ತಿತ್ತು. ನಾನು ಅದನ್ನು ನೋಡುತ್ತ, ಇನ್ನೂ ಏನೋ ಉಳಿದಿದೆ ಎಂದುಕೊಂಡೆ. ಸಂಜೆಗೆ ಹೋದ.

ಅಕ್ಕನ ಫೋನು ಈಗ ವಾರಕ್ಕೆರಡು ಸಲ ಬರುತ್ತದೆ.

"ದಿಟ ಹೇಳಪ್ಪ ಮೇಷ್ಟ್ರೇ. ಆ ಹಣ್ಣಿಂದಾನಾ?"

"ಅಲ್ಲ ಅಕ್ಕ. ಎದೆಗೆ ಸೋಂಕಾಗಿತ್ತು."

"ಕೊನೇಗಂಟ ಉಚ್ಚೆ ಹೋಯ್ತಿತ್ತಾ?"

"ಹೋಗ್ತಿತ್ತು. ನಾನೇ ನೋಡಿದೀನಿ."

"ಹಂಗಾರೆ ಅದು ಕೆಟ್ಟಿರ್ಲಿಲ್ಲ."

"ಇಲ್ಲ ಅಕ್ಕ."

ಫೋನ್ ಇಡುತ್ತಾಳೆ. ಮೂರು ದಿನ ಬಿಟ್ಟು ಮತ್ತೆ ಅದೇ. ಹೋದ ಭಾನುವಾರ ಮಾತ್ರ, ನಾನು ಇಲ್ಲ ಎಂದ ಮೇಲೆ ಅವಳು ಫೋನ್ ಇಡಲಿಲ್ಲ. "ತಡಿ, ಇವ್ರಿಗೆ ಕೊಡ್ತೀನಿ. ಇವ್ರಿಗೊಂದ್ಸಲ ಹೇಳ್ಬುಡು" ಎಂದಳು. ಆ ಕಡೆ ಭಾವನ ಕೆಮ್ಮು ಕೇಳಿಸಿತು.

"ಹೂಂ, ಹೇಳಿ ಮೇಷ್ಟ್ರೇ."

"ಅಕ್ಕ ಕೊಟ್ಟಿದ್ದು ಕೊನೇ ದಿನದವರೆಗೂ ಕೆಲಸ ಮಾಡ್ತು, ಭಾವ."

ಹಿಂದಿನಿಂದ ಅಕ್ಕನ ದನಿ ಬಂತು: "ಕೇಳುಸ್ತಾ?"