ಎಲ್ಲಿ ನೋವು ಐತ್ರಿ, ಎಷ್ಟು ದಿವಸದಿಂದ?

ಇವತ್ತು ಬೆಳಿಗ್ಗೆ ಆಫೀಸಿನ ಟೇಬಲ್ಲಿನ ಡ್ರಾವರು ಸ್ವಚ್ಛ ಮಾಡುತ್ತಿದ್ದಾಗ ಹಸಿರು ಎಣ್ಣೆಯ ಒಂದು ಶೀಶೆ ಕೈಗೆ ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದದ್ದು. ಮುಚ್ಚಳ ತಿರುಗಿಸಿದ್ದೇ ತಡ, ಕರ್ಪೂರ, ನೀಲಗಿರಿ, ಮತ್ತೇನೋ ಹೆಸರು ಗೊತ್ತಿಲ್ಲದ ಸೊಪ್ಪಿನ ವಾಸನೆ ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದು ಎಣ್ಣೆಯ ಘಾಟಿಗೋ, ಅದನ್ನು ಕೊಟ್ಟವಳ ನೆನಪಿಗೋ ಅಂತ ಕೇಳಬೇಡಿ. ಬೇರೆಯವರ ಮನಸ್ಸನ್ನು ಅವರಿಗೇ ತಿಳಿಸಿಕೊಡುವುದು ನನ್ನ ಉದ್ಯೋಗ. ನನ್ನದು ನನಗೆ ತಿಳಿದದ್ದು ಕಡಿಮೆ.

ಈ ಉದ್ಯೋಗದ ಬಗ್ಗೆ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವೂ ತಪ್ಪು ತಿಳಿಯುತ್ತೀರಿ. ನಾನು ಕೌನ್ಸೆಲರ್. ಬೆಳಗಾವಿಗೆ ಓದಲು ಬರುವ ಹೊರದೇಶದ ಮಕ್ಕಳು, ಈ ಕಡೆಯಿಂದ ಹೊರದೇಶಕ್ಕೆ ಹೋಗಿ ಒಳಗೊಳಗೇ ಬೇಯುತ್ತಿರುವವರು, ಇವರ ಸಂಕಟ ಕೇಳಿಸಿಕೊಳ್ಳುವುದು ನನ್ನ ಕೆಲಸ. ಇಲ್ಲಿನ ದಂಡು ಪ್ರದೇಶ ಕ್ಯಾಂಪಿನ ಹಳೇ ಬಂಗಲೆಯೊಂದರ ಮುಂದಿನ ಕೋಣೆ ನನ್ನ ಆಫೀಸು. ಹಗಲು ಹಾಸ್ಟೆಲಿನ ಮಕ್ಕಳು ಬರುತ್ತಾರೆ, ಸಂಜೆ ಲ್ಯಾಪ್‌ಟಾಪಿನೊಳಗೆ ದುಬೈಯವರೋ ಡಬ್ಲಿನ್ನಿನವರೋ ಬಂದು ಕೂರುತ್ತಾರೆ. ಆದರೆ ನಾನಿರುವ ರಾಮತೀರ್ಥ ನಗರದ ಓಣಿಯಲ್ಲಿ ನಾನು ಮಹಾನಗರಪಾಲಿಕೆಯ ಕೌನ್ಸಿಲರ್. ಮನೆಯ ಬಾಗಿಲ ಮೇಲಿನ ಬೋರ್ಡು ಓದಿ ಗಟಾರದ ಅರ್ಜಿ ಹಿಡಿದುಕೊಂಡು ಬಂದವರಿದ್ದಾರೆ. ಇನ್ನು ಕೆಲವರಿಗೆ ನಾನು ಮಕ್ಕಳನ್ನು ಕೆನಡಾಕ್ಕೆ ಕಳಿಸುವ ಏಜೆಂಟು. ಹಾಗಲ್ಲ, ನಾನು ಸುಮ್ಮನೆ ಕೂತು ಕೇಳುತ್ತೇನೆ ಅಷ್ಟೇ ಅಂತ ಒಬ್ಬ ಹಿರಿಯರಿಗೆ ವಿವರಿಸಿದಾಗ ಅವರು "ಬರೇ ಕೇಳಾಕ ಪಗಾರ ಕೊಡ್ತಾರೇನ್ರಿ?" ಅಂದಿದ್ದರು. ಆ ಪ್ರಶ್ನೆ ನನಗೂ ಆಗಾಗ ಬರುತ್ತದೆ.

ಎಣ್ಣೆ ಕೊಟ್ಟವಳು ಶಾಲಿನಿ. ಮಲೇಷ್ಯಾದ ಹುಡುಗಿ, ಮನೆಮಾತು ತಮಿಳು, ಇಲ್ಲಿ ಡಾಕ್ಟರಿಕೆ ಓದಲು ಬಂದವಳು. ಎರಡನೇ ವರ್ಷದಲ್ಲಿ ನಿದ್ದೆ ಬರುವುದಿಲ್ಲ ಅಂತ ನನ್ನ ಹತ್ತಿರ ಬಂದಳು. ನಿದ್ದೆ ಬರತೊಡಗಿದ ಮೇಲೂ ಚಹಾ ಕುಡಿಯಲು ಬರುತ್ತಲೇ ಇದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆಕೆಗೆ ಬರುತ್ತಿದ್ದ ಕನ್ನಡವೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಂದ ಕಲಿತದ್ದು. ಎಲ್ಲಿ ನೋವು ಐತ್ರಿ, ಎಷ್ಟು ದಿವಸದಿಂದ, ಊಟ ಸೇರ್ತೈತೇನ್ರಿ, ನಾಲಿಗಿ ಹೊರಗ ತಗೀರಿ. ಮಾರ್ಕೆಟ್ಟಿನಲ್ಲಿ ಅರ್ಧ ಕಿಲೋ ಬದನೆಕಾಯಿ ಕೇಳಲು ಬಾರದು, ಬದನೆಕಾಯಿ ಮಾರುವಾಕೆಯ ಮೊಣಕಾಲು ನೋವಿನ ಪೂರ್ತಿ ಕಥೆ ಬರೆದುಕೊಳ್ಳಲು ಬರುತ್ತಿತ್ತು.

ಕೊನೆಯ ವರ್ಷದ ಪರೀಕ್ಷೆ ಶುರುವಾದ ಮರುದಿನ ಆಕೆಯ ಅಣ್ಣ ನನಗೆ ಫೋನ್ ಮಾಡಿದ. ಅವತ್ತು ನಸುಕಿನಲ್ಲಿ ಅವರ ಅಪ್ಪ ತೀರಿಕೊಂಡಿದ್ದರು. ಎರಡು ವರ್ಷದಿಂದ ಮೂತ್ರಪಿಂಡದ ಕಾಯಿಲೆ. ಆಸ್ಪತ್ರೆ ಸೇರಿದ್ದು ಶಾಲಿನಿಗೆ ಗೊತ್ತಿತ್ತು, ಗಂಟಲಿಗೆ ನಳಿಗೆ ಹಾಕಿರುವುದರಿಂದ ಮಾತಾಡಲಾರರು ಅಂತಲೂ ಗೊತ್ತಿತ್ತು. ಆಕೆ ಎಷ್ಟೇ ಬೇಗ ಹೊರಟರೂ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಪರೀಕ್ಷೆ ಮುಗಿಯುವ ತನಕ ಮಗಳಿಗೆ ಹೇಳಬೇಡಿ ಅಂತ ಅಪ್ಪನೇ ಬರೆದು ತೋರಿಸಿ ಹೋಗಿದ್ದಾರೆ, ಆದರೆ ಅಲ್ಲಿ ಯಾರಾದರೊಬ್ಬರಿಗೆ ಗೊತ್ತಿರಬೇಕಲ್ಲ, ಆಕೆಯ ಮೇಲೆ ಒಂದು ಕಣ್ಣಿಡಿ ಅಂದ. ನಾನು ಹೂಂ ಅಂದೆನೋ ಉಹೂಂ ಅಂದೆನೋ ಸರಿಯಾಗಿ ನೆನಪಿಲ್ಲ. ಆತ ಉಪಕಾರವಾಯಿತು ಅಂತ ಹೇಳಿ ಫೋನ್ ಇಟ್ಟ, ಅಂದಮೇಲೆ ಹೂಂ ಅಂದಿರಬೇಕು.

ಇಲ್ಲಿ ನನ್ನದೊಂದು ಹಳೇ ಸಿಟ್ಟಿನ ವಿಷಯ ಬರುತ್ತದೆ. ನಾನು ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾಗ ಖಾನಾಪುರದಲ್ಲಿ ನಮ್ಮ ಮುತ್ಯಾ, ಅಂದರೆ ಅಜ್ಜ, ತೀರಿಕೊಂಡರು. ನನಗೆ ಹೇಳಲಿಲ್ಲ. ಕೊನೆಯ ಪೇಪರು ಬರೆದು, ಅವರಿಗೆ ಇಷ್ಟವೆಂದು ಕುಂದಾ ಕಟ್ಟಿಸಿಕೊಂಡು ಊರಿಗೆ ಹೋದೆ. ಪಡಸಾಲೆಯಲ್ಲಿ ಅವರ ಮಂಚ ಇರಲಿಲ್ಲ. ಕೈಯಲ್ಲಿ ಸಿಹಿ ಹಿಡಿದುಕೊಂಡು, ಮಂಚ ರಿಪೇರಿಗೆ ಹೋಗಿರಬೇಕು ಅಂತ ನಾನು ಅಂದುಕೊಂಡಿದ್ದೆ ನೋಡಿ, ಆ ಒಂದು ಗಳಿಗೆಗಾಗಿ ಮನೆಯವರನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ ಅನ್ನುವ ಅವಮಾನ ಸಾವಿನ ದುಃಖಕ್ಕಿಂತ ಬೇರೆಯದು. ಈಗ ಅದೇ ಕೆಲಸ ಮಾಡುವವರ ಸಾಲಿನಲ್ಲಿ ನಾನೂ ನಿಂತಿದ್ದೆ, ಅದೂ ಪಗಾರ ತಗೊಂಡು.

ಶಾಲಿನಿ ಎಂದಿನಂತೆ ಚಹಾಕ್ಕೆ ಬಂದಳು. ಮೂರನೇ ದಿನ ತನ್ನ ಫೋನು ನನ್ನ ಮುಂದೆ ಹಿಡಿದು, ಅಪ್ಪ ಮೆಸೇಜು ಕಳಿಸಿದ್ದಾರೆ ನೋಡಿ ಅಂದಳು. ಚೆನ್ನಾಗಿ ಬರಿ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಇಂಗ್ಲಿಷಿನಲ್ಲಿ ಇತ್ತು. ಅಪ್ಪನ ಫೋನಿನಿಂದ ಅಣ್ಣ ಕಳಿಸುತ್ತಿದ್ದಾನೆ ಅಂತ ನನಗೆ ಅರ್ಥವಾಯಿತು. ನಾನು ನಕ್ಕೆ. ಎಂಥ ನಗು ನಕ್ಕೆನೋ ದೇವರಿಗೇ ಗೊತ್ತು. ಆಕೆ ಫೋನು ತಿರುಗಿ ತಗೊಂಡು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಹುಡುಗಿಯ ಹೆಸರು ಹೇಳದೆ ನಮ್ಮ ಅಕ್ಕನನ್ನು ಕೇಳಿದೆ. ಅಕ್ಕ ಖಾನಾಪುರದಲ್ಲಿ ಸಾಲಿ ಟೀಚರು, ಅವ್ವ ಆಕೆಯ ಮನೆಯಲ್ಲೇ ಇರುತ್ತಾಳೆ. ಅಕ್ಕ ನನ್ನಷ್ಟು ಪುಸ್ತಕ ಓದಿದವಳಲ್ಲ. "ಹೇಳಿದ್ರ ಪರೀಕ್ಷಾ ಹೋಗ್ತೈತಿ, ಹೇಳ್ದಿದ್ರ ನಂಬಿಕಿ ಹೋಗ್ತೈತಿ. ಎರಡ್ರಾಗ ಯಾವುದು ತಿರಗಿ ಬರ್ತೈತಿ ನೋಡು," ಅಂದಳು. ಪರೀಕ್ಷೆ ಆರು ತಿಂಗಳಿಗೆ ತಿರುಗಿ ಬರುತ್ತದೆ. ಹೇಳಿಬಿಡಬೇಕು ಅಂತ ನಿರ್ಧಾರ ಮಾಡಿದೆ. ಹಾಗೆ ನಿರ್ಧಾರ ಮಾಡಿ, ನಾಲ್ಕು ದಿನ ಹೇಳಲಿಲ್ಲ. ಸತ್ತವರ ಕೊನೆಯ ಮಾತು ಮುರಿಯಲು ನಾನ್ಯಾರು ಅಂತ ಒಂದು ದಿನ, ಸೆರಗು ಹಿಡಿದು ಅತ್ತರೆ ಏನು ಮಾಡಲಿ ಅಂತ ಇನ್ನೊಂದು ದಿನ.

ಎರಡು ಪೇಪರುಗಳ ನಡುವೆ ಬಿಡುವು ಸಿಕ್ಕಾಗ ಆಕೆಯನ್ನು, ಖಾನಾಪುರದ ಹತ್ತಿರ ಕದಂಬರ ಕಾಲದ ಗುಡಿಯಿರುವ ಹಲಸಿ ನೋಡೋಣ ಬಾ ಅಂತ ಕರೆದೆ. ಹಾಸ್ಟೆಲಿನಿಂದ ದೂರ ಕೂತು ಹೇಳಿದರಾಯಿತು, ಹತ್ತಿರದಲ್ಲೇ ಅಕ್ಕನ ಮನೆಯಿದೆ, ಒಂದು ರಾತ್ರಿ ಇಟ್ಟುಕೊಂಡರಾಯಿತು ಅಂತ ನನ್ನ ಲೆಕ್ಕ. ಖಾನಾಪುರದಲ್ಲಿ ಇಳಿದು ಮೊದಲು ಊಟಕ್ಕೆ ಅಕ್ಕನ ಮನೆಗೇ ಹೋದೆವು. ಅವ್ವ ತನ್ನ ಕೈಯಾರೆ ಬಿಸಿ ರೊಟ್ಟಿ ಬಡಿದು ಶಾಲಿನಿಯ ತಾಟಿಗೆ ಹಾಕಿದಳು. ಎಣ್ಣೆಗಾಯಿ ನೀಡುತ್ತ, ಯಾವ ಊರು, ಎಷ್ಟು ಜನ ಮಕ್ಕಳು ಅಂತೆಲ್ಲ ವಿಚಾರಿಸಿ, "ಅಪ್ಪಾರು ಆರಾಮ ಅದಾರೇನವಾ?" ಅಂತ ಕೇಳಿಬಿಟ್ಟಳು. ಅವ್ವನಿಗೆ ಏನೂ ಗೊತ್ತಿರಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು, ಆ ಹುಡುಗಿ ಇವಳೇ ಅಂತ ಆಗ ಆಕೆಗೆ ಹೊಳೆಯಿತು.

"ಆರಾಮ ಅದಾರ್ರೀ," ಅಂತ ಶಾಲಿನಿ ತನ್ನ ವಾರ್ಡಿನ ಕನ್ನಡದಲ್ಲಿ ಹೇಳಿ ಇನ್ನೊಂದು ತುತ್ತು ಮುರಿದಳು.

ಹಲಸಿಯ ಭೂವರಾಹ ನರಸಿಂಹನ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇವೆ. ನಡುವೆ ನಿಂತರೆ ಯಾವ ದೇವರಿಗೆ ಬೆನ್ನು ಮಾಡಬೇಕು ಅಂತ ತಿಳಿಯುವುದಿಲ್ಲ. ನನಗಂತೂ ಅವತ್ತು ತಿಳಿಯಲಿಲ್ಲ. ಹೊರಗೆ ಬಂದು ಕಲ್ಲಿನ ಕಟ್ಟೆಯ ಮೇಲೆ ಕೂತೆವು. ನಾನು ಮೂರು ಸಲ ಬಾಯಿ ತೆಗೆದೆ, ಮೂರು ಸಲವೂ ಕದಂಬರ ಇತಿಹಾಸ ಹೊರಬಂತು. ನನಗೆ ಅದು ಬರುವುದೂ ಅಷ್ಟಕ್ಕಷ್ಟೇ. ಕಡೆಗೆ ತಲೆ ನೋಯುತ್ತಿದೆ ಅಂತ ಸುಳ್ಳು ಹೇಳಿದೆ. ಆಕೆ ಚೀಲದಿಂದ ಈ ಹಸಿರು ಶೀಶೆ ತೆಗೆದು, ಮುಚ್ಚಳ ಬಿಚ್ಚಿ ನನ್ನ ಕೈಯಲ್ಲಿಟ್ಟು, ರೋಗಿಯ ಮುಂದೆ ಕೂತ ಡಾಕ್ಟರಿನಂತೆ ನನ್ನ ಕಡೆ ತಿರುಗಿದಳು.

"ಎಲ್ಲಿ ನೋವು ಐತ್ರಿ?"

ನಾನು ಹಣೆಗೆ ಎಣ್ಣೆ ಹಚ್ಚಿಕೊಂಡೆ.

"ಎಷ್ಟು ದಿವಸದಿಂದ?"

"ಎಂಟು ದಿವಸ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

"ನನಗೂ ಎಂಟು ದಿವಸ ಆತ್ರಿ, ಮೇಡಂ."

ಆಮೇಲಿನದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಅಪ್ಪ ಹೋದ ಒಂದು ಗಂಟೆಯೊಳಗೆ ಊರಿನ ಗೆಳತಿಯೊಬ್ಬಳು ಸಾಂತ್ವನದ ಮೆಸೇಜು ಕಳಿಸಿ ತಕ್ಷಣ ಅಳಿಸಿದ್ದಳಂತೆ. ಅಷ್ಟರಲ್ಲಿ ಇವಳು ಓದಿಯಾಗಿತ್ತು. ಗೆಳತಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡು, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿ, ಮರುದಿನ ಎದ್ದು ಓದಲು ಕೂತಿದ್ದಳು. ನನಗೂ ಗೊತ್ತಿದೆ ಅನ್ನುವುದು ಆಕೆಗೆ ತಿಳಿದದ್ದು ಆ ಮೆಸೇಜು ತೋರಿಸಿದಾಗ, ನನ್ನ ನಗುವಿನಿಂದ.

ನಾನು ಕ್ಷಮೆ ಕೇಳಿದೆ. ಈಗಲೇ ಮನೆಗೆ ಫೋನ್ ಮಾಡು, ಅಮ್ಮನ ಜೊತೆ ಮಾತಾಡು, ಬೇಕಾದರೆ ಪರೀಕ್ಷೆ ಬಿಡು, ನಾನಿದ್ದೇನೆ ಅಂದೆ. ಆಕೆ ತಲೆ ಅಲ್ಲಾಡಿಸಿದಳು. ಅಮ್ಮ ಮತ್ತು ಅಣ್ಣ ನನಗೋಸ್ಕರ ಈ ಸುಳ್ಳನ್ನು ಹೊತ್ತುಕೊಂಡಿದ್ದಾರೆ, ಅಪ್ಪನಿಗೆ ಕೊಟ್ಟ ಮಾತು ನಡೆಸುತ್ತಿದ್ದೇವೆ ಅನ್ನುವುದೊಂದೇ ಈಗ ಅವರ ಕೈಯಲ್ಲಿ ಉಳಿದಿರುವುದು, ಅದನ್ನೂ ಹೇಗೆ ಕಸಿದುಕೊಳ್ಳಲಿ ಅಂದಳು. ನನಗೆ ಗೊತ್ತಿದೆ ಅಂತ ಅವರಿಗೆ ಹೇಳಬೇಡಿ ಅಂತಲೂ ಕೇಳಿಕೊಂಡಳು. ಅವತ್ತು ಆಕೆ ಅಳಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಮಲಗಿದಳು, ನಾನು ಬೆಳಗಾವಿ ಬರುವ ತನಕ ಭುಜ ಅಲ್ಲಾಡಿಸದೆ ಕೂತೆ. ಆ ಕಾಲದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಸರಿ ಅಂತ ಖಾತ್ರಿಯಿರುವುದು ಅದೊಂದೇ.

ಅಲ್ಲಿಂದ ಮುಂದೆ ದಿನಾ ಸಂಜೆ ಅಣ್ಣ ಫೋನ್ ಮಾಡಿ, ಆಕೆಗೆ ಏನಾದರೂ ಅನುಮಾನ ಬಂದಿದೆಯೇ ಅಂತ ಕೇಳುತ್ತಿದ್ದ. ಇಲ್ಲ, ಓದುತ್ತಿದ್ದಾಳೆ ಅನ್ನುತ್ತಿದ್ದೆ. ಎರಡು ಮಾತಿನಲ್ಲಿ ಒಂದು ಖರೇ, ಒಂದು ಸುಳ್ಳು. ಆ ಮನೆಯವರಿಗೂ ಆ ಹುಡುಗಿಗೂ ನಡುವೆ ನಾನು ಎರಡೂ ಕಡೆಯ ಗುಟ್ಟು ಇಟ್ಟುಕೊಂಡ ಪೆಟ್ಟಿಗೆಯಂತಾಗಿದ್ದೆ. ನನ್ನ ವಿದ್ಯೆ ಇದಕ್ಕೆ ಏನು ಹೇಳುತ್ತದೆ ಅಂತ ಪುಸ್ತಕ ತೆಗೆದು ನೋಡಿದೆ. ಎದುರಿಗೆ ಕೂತವರ ಹಿತವೇ ಮುಖ್ಯ ಅಂತ ಇತ್ತು. ಹಿತ ಯಾವುದು ಅಂತ ಮಾತ್ರ ಇರಲಿಲ್ಲ.

ಕೊನೆಯ ಪೇಪರಿನ ದಿನ ಮಧ್ಯಾಹ್ನ, ಅವಳ ಅಣ್ಣನ ಜೊತೆ ಮೊದಲೇ ಮಾತಾಡಿಕೊಂಡಂತೆ, ಶಾಲಿನಿಯನ್ನು ನನ್ನ ಕೋಣೆಯಲ್ಲಿ ಕೂರಿಸಿಕೊಂಡೆ. ಫೋನು ಬಂತು. ಆ ಕಡೆ ಅವರಮ್ಮ. ತಮಿಳಿನಲ್ಲಿ ಏನೇನೋ ಹೇಳಿದರು, ನನಗೆ ಅರ್ಥವಾದದ್ದು ಅಪ್ಪಾ ಅನ್ನುವ ಶಬ್ದ ಒಂದೇ. ಶಾಲಿನಿ ಆಗಷ್ಟೇ ಸುದ್ದಿ ಕೇಳಿದವಳಂತೆ, ಎಪ್ಪೋ, ಎಪ್ಪೋ ಅಂತ ಕೇಳಿದಳು, ಯಾವಾಗ ಅಂತ ಇರಬೇಕು. ಆಮೇಲೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ಬಂಗಲೆಯ ಹೆಂಚು ಹಾರುವಂಥ ಅಳು. ನಾನು ಪಕ್ಕದಲ್ಲೇ ಇದ್ದೆ, ಆಕೆಯ ಬೆನ್ನ ಮೇಲೆ ನನ್ನ ಕೈಯಿತ್ತು. ಆದರೂ ನಾನು ನಿಮಗೆ ಹೇಳಲಾರೆ, ಅದು ತಾಯಿಗೋಸ್ಕರ ಅತ್ತದ್ದೋ, ಅಷ್ಟು ದಿನ ತಡೆದಿಟ್ಟುಕೊಂಡದ್ದು ಹರಿದದ್ದೋ. ಪ್ರಾಯಶಃ ಆಕೆಗೂ ಗೊತ್ತಿರಲಿಕ್ಕಿಲ್ಲ.

ಫೋನು ಇಟ್ಟ ಮೇಲೆ ನೀರು ಕೇಳಿದಳು. ನಿನಗೆ ಮೊದಲೇ ಗೊತ್ತಿತ್ತು ಅಂತ ಹೇಳಿದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಅಮ್ಮ ತನ್ನನ್ನು ಕ್ಷಮಿಸು ಅಂದರಂತೆ, ಇವಳು ಕ್ಷಮಿಸಿದ್ದೇನೆ ಅಂದಳಂತೆ.

ಪಾಸಾದಳು. ಈಗ ತನ್ನ ಊರಿನ ಕಡೆಯೇ ಡಾಕ್ಟರು. ವರ್ಷಕ್ಕೊಮ್ಮೆ ಹಬ್ಬದ ಶುಭಾಶಯ ಬರುತ್ತದೆ. ತಾಯಿಗೆ ಆಮೇಲಾದರೂ ಹೇಳಿದಳೋ ಇಲ್ಲವೋ, ನಾನು ಕೇಳಿಲ್ಲ. ಅವಳ ಕಡತದ ಕೊನೆಯ ಪುಟದಲ್ಲಿ ಪರಿಣಾಮವೇನು ಅಂತ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.

ಅಲ್ಲಿಂದ ಈಚೆಗೆ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಯಾವಾಗ ಹೇಳಲಿ? ಕೆಲವರು ಆಗಲೇ ಹೇಳಿ ಅನ್ನುತ್ತಾರೆ, ಕೆಲವರು ಎದ್ದುಹೋಗುತ್ತಾರೆ. ಇವತ್ತು ಹನ್ನೊಂದು ಗಂಟೆಗೆ ಬಂದ ನೇಪಾಳದ ಹುಡುಗಿ ಸ್ವಲ್ಪ ಯೋಚಿಸಿ, "ನಿಮಗೆ ಯಾರು ಹೇಳುತ್ತಾರೆ?" ಅಂತ ತಿರುಗಿ ನನ್ನನ್ನೇ ಕೇಳಿದಳು.

ಆಕೆ ಹೋದ ಮೇಲೆ ಅಕ್ಕನಿಗೆ ಫೋನ್ ಹಚ್ಚಿದೆ. ಮನೆಯಲ್ಲಿ ಏನಾದರೂ ಆದರೆ ನನಗೆ ಅವತ್ತೇ ಹೇಳಬೇಕು, ನನ್ನ ಕೆಲಸ, ನನ್ನ ಬಿಡುವು ಅಂತ ನೋಡಬಾರದು ಅಂದೆ.

"ಯಾರು ಹೇಳಿದ್ರು ನಿನಗ?" ಅಂದಳು ಅಕ್ಕ.

ಅವ್ವ ಆರು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಬಲಗೈ ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಹೊಸ ಮಕ್ಕಳು ಬರುವ ಟೈಮು, ಆಕಿಗೆ ಹೇಳಬ್ಯಾಡ ಅಂತ ಅವ್ವನೇ ಆಣೆ ಹಾಕಿಸಿದ್ದಳಂತೆ. ಸಿಟ್ಟು ಬಂತು. ಸಿಟ್ಟಿನಲ್ಲೇ ಖಾನಾಪುರದ ಬಸ್ಸು ಹತ್ತಿದೆ, ಹೋದ ಕೂಡಲೇ ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡವಳೇ ಎಡಗೈಯಿಂದ ಸೆರಗು ಎಳೆದು ಬಲಗೈಯನ್ನು ಅದರೊಳಗೆ ಮುಚ್ಚಿಕೊಂಡಳು.

"ಏನ್ ಬೇ, ಇವತ್ತ ಸೂಟಿ ಐತೇನ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಹೂಂ ಬೇ, ಸೂಟಿ ಐತಿ," ಅಂತ ಇಲ್ಲದ ರಜೆಯನ್ನು ಒಪ್ಪಿಕೊಂಡೆ.

ಅಕ್ಕ ತಾಟು ತಂದಿಟ್ಟಳು. ನಾನು ಅವ್ವನ ಬಲಬದಿಗೆ ಕೂತು, ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗೆ ಹಿಡಿದೆ. ಯಾಕೆ ತಿನಿಸುತ್ತೀ ಅಂತ ಆಕೆ ಕೇಳಲಿಲ್ಲ, ಯಾಕೆ ಕೈ ಮುಚ್ಚಿಕೊಂಡಿದ್ದೀ ಅಂತ ನಾನೂ ಕೇಳಲಿಲ್ಲ. ಒಂದೊಂದೇ ತುತ್ತು ಕೊಡುತ್ತ ಹೋದೆ, ಆಕೆ ಸಣ್ಣ ಕೂಸಿನಂತೆ ಬಾಯಿ ತೆರೆಯುತ್ತ ಹೋದಳು.